ಪೇಟೆ ಮರೆತ ಹಾಡುಗಾರ

(ಗಿರಣಿ ಕೆಲಸಗಾರರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯ ಬಾಗಿಲು ಹಾಕಿಕೊಂಡು ಬಂದವರೂ ಇದ್ದೀರಿ. ನಿಮ್ಮ ಹೊತ್ತನ್ನು ಹೆಚ್ಚು ತೆಗೆದುಕೊಳ್ಳುವುದಿಲ್ಲ. ಈ ದಿನ ನಾವು ಹೇಳಹೊರಟಿರುವುದು ಲಂಡನ್ನಿನ ಒಬ್ಬ ಹಾಡುಗಾರರ ವಿಷಯ. ಅವರ ಹೆಸರು ಬಿಲ್ ಫೇ. ತಾವೇ ಹಾಡು ಕಟ್ಟಿ, ಪಿಯಾನೋ ನುಡಿಸುತ್ತ ತಾವೇ ಹಾಡುತ್ತಿದ್ದವರು. 1943ರಲ್ಲಿ ಹುಟ್ಟಿದವರು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಎರಡನೆಯ ರೆಕಾರ್ಡು ಹೊರಬಂದದ್ದು 1971ರಲ್ಲಿ. ಅದಾದ ಮೇಲೆ ಒಂದು ಕಂಪನಿ ಅವರನ್ನು ಕರೆದು ಹಾಡಿಸಿ ಹೊಸ ರೆಕಾರ್ಡು ಹೊರತಂದದ್ದು 2012ರಲ್ಲಿ. ನಡುವೆ 41 ವರ್ಷ ಕಳೆದಿತ್ತು. ಈ 41 ವರ್ಷಗಳ ಕಥೆಯಲ್ಲಿ ದುಡಿದುಣ್ಣುವ ನಮಗೆಲ್ಲ ವಿಚಾರ ಮಾಡಬೇಕಾದ ಸಂಗತಿಯಿದೆ.

ಫೇ ಅವರು ವೇಲ್ಸ್ ಪ್ರಾಂತದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಗ ಹಾಡು ಕಟ್ಟತೊಡಗಿದರು. ಡೆಕ್ಕಾ ಎಂಬ ದೊಡ್ಡ ಕಂಪನಿಯ ಡೆರಾಮ್ ಶಾಖೆ 1967ರಲ್ಲಿ ಅವರ ಚಿಕ್ಕ ರೆಕಾರ್ಡೊಂದನ್ನು, 1970ರಲ್ಲಿ ದೊಡ್ಡ ರೆಕಾರ್ಡನ್ನು ತಂದಿತು. 1970ರ ಮೇ ತಿಂಗಳಲ್ಲಿ ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಯುದ್ಧವನ್ನು ವಿರೋಧಿಸಿ ಸೇರಿದ್ದವರ ಮೇಲೆ ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದರಷ್ಟೆ. ಆ ಕಾಲದ ಸಂಕಟ ಅವರ 1971ರ ರೆಕಾರ್ಡಿನಲ್ಲಿ ತುಂಬಿಕೊಂಡಿತ್ತು. ಕೇಳಿ ಮರೆತುಬಿಡುವಂಥ ಹಗುರವಾದ ಹಾಡುಗಳಲ್ಲ ಅವು. ಮಾರಾಟವಾಗಲಿಲ್ಲ. ಕಂಪನಿ ಅವರ ಕೈಬಿಟ್ಟಿತು.

ವರ್ತಕ ಮಿತ್ರರಿಗೆ ಈ ಲೆಕ್ಕ ಗೊತ್ತು. ಓಡದ ಸರಕನ್ನು ಅಂಗಡಿಯಲ್ಲಿಟ್ಟು ಬಡ್ಡಿ ಕಟ್ಟಲಾಗದು. ಅದನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ಕಪಾಟಿನಿಂದ ಇಳಿಸಿದ್ದು ರೆಕಾರ್ಡನ್ನು ಮಾತ್ರವಲ್ಲ, ಇನ್ನು ಮುಂದೆ ಹಾಡಬೇಕಾಗಿದ್ದ ಮನುಷ್ಯನನ್ನು ಕೂಡ. ಯಾವುದು ಬಿಕರಿಯಾಗುತ್ತದೆ ಎಂಬುದನ್ನು ಪೇಟೆ ಹೇಳಬಲ್ಲದು. ಯಾವುದು ಒಳ್ಳೆಯದೆಂದು ಹೇಳುವ ಅಧಿಕಾರವನ್ನು ಅದಕ್ಕೆ ಕೊಟ್ಟವರು ಯಾರು?

ಫೇ ಅವರೇನು ಮಾಡಿದರು? ಹೊಟ್ಟೆಪಾಡಿಗೆ ಕೆಲಸ ಹಿಡಿದರು. ಉದ್ಯಾನದಲ್ಲಿ ಮಾಲಿಯಾದರು. ಹಣ್ಣು ಕೀಳುವ ಕೂಲಿ ಮಾಡಿದರು, ಮೀನು ಕಟ್ಟುವ ಕೆಲಸವನ್ನೂ ಮಾಡಿದರು. ಪತ್ರಿಕೆಗಳು ಇದನ್ನೆಲ್ಲ ದೊಡ್ಡ ಪತನವೆಂಬಂತೆ ಬರೆಯುವುದುಂಟು. ನಾವು ಹಾಗೆ ಹೇಳಲಾರೆವು. ಮಾಲಿಯ ಕೆಲಸ ಕೀಳಾದರೆ ನಮ್ಮೆಲ್ಲರ ಕೆಲಸವೂ ಕೀಳೆ. ಅನ್ಯಾಯವಿದ್ದದ್ದು ಕೂಲಿ ಮಾಡಬೇಕಾಯಿತೆಂಬುದರಲ್ಲಿ ಅಲ್ಲ, ಅವರ ಹಾಡು ಜನರ ಕಿವಿಗೆ ತಲುಪುವ ದಾರಿ ಮುಚ್ಚಿಹೋಯಿತೆಂಬುದರಲ್ಲಿ.

ಹಾಡು ಮಾತ್ರ ನಿಲ್ಲಲಿಲ್ಲ. ಇದನ್ನು ನೀವು ಗಮನಿಸಬೇಕು. ಕೊಳ್ಳುವವರಿಲ್ಲ, ಕೇಳುವವರಿಲ್ಲ, ಆದರೂ ಅವರು ಮನೆಯಲ್ಲಿ ಪಿಯಾನೋ ಮುಂದೆ ಕುಳಿತು ಹಾಡು ಕಟ್ಟುತ್ತಲೇ ಇದ್ದರು. 1978ರಿಂದ 1981ರವರೆಗೆ ಕೆಲವು ಗೆಳೆಯರೊಡನೆ ಸೇರಿ ಮುದ್ರಿಸಿದ ಹಾಡುಗಳು ಬೆಳಕು ಕಂಡದ್ದು 2005ರಲ್ಲಿ. ತಾನು ಸಂಗೀತದ ವ್ಯಾಪಾರವನ್ನು ಬಿಡಲಿಲ್ಲ, ಅದೇ ತನ್ನನ್ನು ಬಿಟ್ಟಿತು ಎಂಬ ಅರ್ಥದ ಮಾತನ್ನು ಮುಂದೆ ಅವರೇ ಆಡಿದರು.

ಮರಳಿ ಬಂದದ್ದು ಹೇಗೆ? ಕೇಳುಗರಿಂದ. 1998ರಲ್ಲಿ ಹಳೆಯ ಎರಡು ರೆಕಾರ್ಡುಗಳು ಮರುಮುದ್ರಣಗೊಂಡವು. ಅಮೆರಿಕದ ಹಾಡುಗಾರ ಜೆಫ್ ಟ್ವೀಡಿ ಅವರ ಒಂದು ಹಾಡನ್ನು ತನ್ನ ಸಭೆಗಳಲ್ಲಿ ಹಾಡತೊಡಗಿದರು. ಜೋಶುವಾ ಹೆನ್ರಿ ಎಂಬ ಅಮೆರಿಕದ ತರುಣರು ತಮ್ಮ ತಂದೆಯ ರೆಕಾರ್ಡುಗಳ ನಡುವೆ ಫೇ ಅವರ ಹಾಡುಗಳನ್ನು ಕಂಡುಕೊಂಡಿದ್ದರು. ಅವರೇ ಮುಂದೆ ಬಂದು ಫೇ ಅವರನ್ನು ಹುಡುಕಿ, ಒಪ್ಪಿಸಿ, 2012ರ ರೆಕಾರ್ಡನ್ನು ಮಾಡಿಸಿದರು. 1971ರಲ್ಲಿ ಜೊತೆಗಿದ್ದ ಗಿಟಾರುವಾದಕ ರೇ ರಸೆಲ್ ಮತ್ತು ಡ್ರಮ್ ನುಡಿಸುವ ಅಲನ್ ರಶ್ಟನ್ ಮತ್ತೆ ಬಂದು ಕೂಡಿಕೊಂಡರು. ಟ್ವೀಡಿಯವರೂ ಬಂದು ದನಿಗೂಡಿಸಿದರು. ರೆಕಾರ್ಡಿಗೆ ಇಟ್ಟ ಹೆಸರು 'ಲೈಫ್ ಈಸ್ ಪೀಪಲ್', ಎಂದರೆ ಬದುಕೆಂದರೆ ಜನ. ಎಪ್ಪತ್ತರ ಹೊಸ್ತಿಲಲ್ಲಿ ನಿಂತವರ ದನಿ, ತುಸು ಒಡೆದದ್ದು, ಆದರೆ ಅದರಲ್ಲಿ ಯಾರ ಮೇಲೂ ಹಗೆಯಿರಲಿಲ್ಲ. ಮುಂದೆ 2015ರಲ್ಲಿ, 2020ರಲ್ಲಿ ಇನ್ನೆರಡು ರೆಕಾರ್ಡುಗಳು ಬಂದವು.

ಇದನ್ನು ಕೇಳಿ, "ಪ್ರತಿಭೆಯಿದ್ದವನಿಗೆ ಒಂದಲ್ಲ ಒಂದು ದಿನ ನ್ಯಾಯ ಸಿಕ್ಕೇ ಸಿಗುತ್ತದೆ, ಸುಮ್ಮನೆ ಕಾಯಬೇಕು" ಎಂದು ನೀತಿ ಹೇಳುವವರು ಇರುತ್ತಾರೆ. ಸಂಗಾತಿಗಳೆ, ಕಾಯಿರಿ ಎಂಬ ಈ ನೀತಿಯನ್ನು ಕೂಲಿಯ ವಿಷಯದಲ್ಲಿಯೂ ನಾವು ಬಹಳ ಕೇಳಿದ್ದೇವೆ. ಆ ತಂದೆ ಆ ರೆಕಾರ್ಡುಗಳನ್ನು ರದ್ದಿಗೆ ಹಾಕಿದ್ದರೆ? ಮಗ ಅವನ್ನು ತಿರುವಿ ನೋಡದಿದ್ದರೆ? ಫೇ ಅವರಿಗೆ ಎರಡು ರೆಕಾರ್ಡುಗಳಾದರೂ ಇದ್ದುವು. ಒಂದೂ ಇಲ್ಲದೆ ಹೋದವರೆಷ್ಟು ಮಂದಿ? ಅವರನ್ನು ಯಾವ ಮಗ ಹುಡುಕಿಕೊಂಡು ಹೋದಾನು? ಆಕಸ್ಮಿಕವಾಗಿ ಸಿಕ್ಕಿದ್ದನ್ನು ನ್ಯಾಯವೆಂದು ಕರೆಯುವುದು ನಮ್ಮಿಂದಾಗದು.

ಆದುದರಿಂದ ನಾವು ಕೇಳಿಕೊಳ್ಳುವುದು ಇಷ್ಟೆ. ನಿಮ್ಮ ಗಿರಣಿಯಲ್ಲಿ, ನಿಮ್ಮ ಓಣಿಯಲ್ಲಿ ಹಾಡು ಕಟ್ಟುವವರಿದ್ದರೆ, ಪೇಟೆ ಅವರ ಬೆಲೆ ಕಟ್ಟಲಿ ಎಂದು ಕಾಯಬೇಡಿ. ಕರೆದು ಕೂಡಿಸಿ, ಹಾಡಿಸಿ, ಕೇಳಿ. ಹಾಡನ್ನು ಬರೆದಿಟ್ಟುಕೊಳ್ಳಿ. ಇಂದು ಎಲ್ಲರ ಜೇಬಿನಲ್ಲೂ ದನಿ ಹಿಡಿದಿಡುವ ಮೊಬೈಲು ಇದೆ; ಅದರಲ್ಲಿ ಹಿಡಿದಿಡಿ. ಬರೆದವರ ಹೆಸರನ್ನು ಬಿಡದೆ ಹೇಳಿ. ಫೇ ಅವರು 41 ವರ್ಷ ಕಾಯಬೇಕಾಯಿತು. ನಮ್ಮವರು ಕಾಯದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇದೆ.