ಸುಳ್ಳು ಪತ್ತೆ ಯಂತ್ರದ ಮುಂದೆ ಪೊಲೀಸ್ ಅಭ್ಯರ್ಥಿ



ಅಮೆರಿಕದಲ್ಲಿ ಹೆಚ್ಚಿನ ಖಾಸಗಿ ಮಾಲೀಕರು ಕೆಲಸ ಕೇಳಿ ಬಂದವರನ್ನು ಸುಳ್ಳು ಪತ್ತೆ ಯಂತ್ರಕ್ಕೆ ಒಡ್ಡುವಂತಿಲ್ಲ. 1988ರ ಕಾಯ್ದೆ ಅದನ್ನು ನಿಷೇಧಿಸಿದೆ. ಆದರೆ ಸರ್ಕಾರಕ್ಕೆ ವಿನಾಯಿತಿ! ಹೀಗಾಗಿ ಹಲವು ಊರುಗಳಲ್ಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದವನ ಎದೆಗೆ, ತೋಳಿಗೆ ಪಟ್ಟಿ ಕಟ್ಟಿ, ‘ಎಂದಾದರೂ ಕದ್ದಿದ್ದೀರಾ?’ ಎಂದು ಕೇಳುತ್ತಾರೆ.

ಯಂತ್ರಕ್ಕೆ ತಿಳಿಯುವುದು ಉಸಿರು, ರಕ್ತದೊತ್ತಡ, ಬೆವರು ಅಷ್ಟೆ. ಕೆಲಸ ಕೈತಪ್ಪೀತೆಂದು ಹೆದರಿದ ಪ್ರಾಮಾಣಿಕನ ಎದೆಯೂ ಸುಳ್ಳುಗಾರನ ಎದೆಯಂತೆಯೇ ಹೊಡೆದುಕೊಳ್ಳುತ್ತದೆ. ಇನ್ನು ನಿಜವಾದ ಕಳ್ಳರೋ? ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರುತ್ತಿದ್ದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1986ರಲ್ಲೂ 1991ರಲ್ಲೂ ಈ ಪರೀಕ್ಷೆಯಲ್ಲಿ ಪಾಸಾದ.

2003ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಒಂದು ಲೆಕ್ಕ ಹಾಕಿತು. ಹತ್ತು ಸಾವಿರ ನೌಕರರಲ್ಲಿ ಹತ್ತು ಗೂಢಚಾರರಿದ್ದಾರೆ ಎನ್ನಿ. ಎಂಟು ಮಂದಿಯನ್ನು ಹಿಡಿಯುವಷ್ಟು ಪರೀಕ್ಷೆ ಬಿಗಿ ಮಾಡಿದರೆ ಸುಮಾರು 1,600 ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ. ಇಬ್ಬರು ಗೂಢಚಾರರು ಪಾರಾಗುತ್ತಾರೆ. ಯಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತದೆ ಎಂದುಕೊಂಡು ಹಾಕಿದ ಲೆಕ್ಕ ಇದು.

ಅಭ್ಯರ್ಥಿ ಒಪ್ಪಿಯೇ ಕೂರುತ್ತಾನಲ್ಲ ಎನ್ನಬಹುದು. ನಮ್ಮ ಸುಪ್ರೀಂ ಕೋರ್ಟು ಕೂಡ 2010ರಲ್ಲಿ, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಈ ಪರೀಕ್ಷೆಗೆ ಒಳಪಡಿಸಕೂಡದೆಂದಿತು. ಇಲ್ಲಿ ಆರೋಪಿ ಒಲ್ಲೆ ಎಂದರೆ ಕಾನೂನು ಅವನ ಬೆನ್ನಿಗಿದೆ. ಅಲ್ಲಿ ಅಭ್ಯರ್ಥಿ ಒಲ್ಲೆ ಎಂದರೆ ಸಾಮಾನ್ಯವಾಗಿ ಅವನ ಅರ್ಜಿ ಕಸದ ಬುಟ್ಟಿಗೆ.