ಬ್ಯೂಟಿ ಪಾರ್ಲರ್ ಕಲಿಕೆಗೆ ಹಣದ ನೆರವು ಎಲ್ಲಿದೆ?

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾವು ಸೇರಿದಾಗಲೆಲ್ಲ ಬೀಜದ ಮಾತು, ಗೊಬ್ಬರದ ಮಾತು ಆಡಿದ್ದೇವೆ. ಇಂದು ಬೇರೊಂದು ವಿಷಯ. ನಿಮ್ಮ ಮಗಳು ಬ್ಯೂಟಿ ಪಾರ್ಲರ್ ಕೆಲಸ ಕಲಿಯುತ್ತೇನೆಂದರೆ ಅದಕ್ಕೆ ಹಣ ಎಲ್ಲಿಂದ ತರುವುದು? ಕೆಲವರಿಗೆ ನಗು ಬರಬಹುದು. ಆದರೆ ಇದು ನಗುವ ಮಾತಲ್ಲ.

ಕಳೆದ ಸುಗ್ಗಿ ಮುಗಿದ ಮೇಲೆ ಒಬ್ಬ ರೈತರು ನನ್ನಲ್ಲಿಗೆ ಬಂದರು. ಎರಡೂವರೆ ಎಕರೆ ಒಣಭೂಮಿ ಅವರದು. ಹತ್ತನೆಯ ತರಗತಿ ಪಾಸಾದ ಮಗಳನ್ನು ಪೇಟೆಯ ಖಾಸಗಿ ಶಾಲೆಯೊಂದಕ್ಕೆ ಸೇರಿಸಲು ಹೆಂಡತಿಯ ಒಡವೆ ಅಡವಿಟ್ಟು ಮುಂಗಡ ಕಟ್ಟಿದ್ದರು. "ಸರ್ಕಾರದಿಂದ ಏನಾದರೂ ಸಿಕ್ಕೀತೆ ಸ್ವಾಮಿ?" ಎಂದು ಕೇಳಿದರು. ಸಿಗುವ ದಾರಿ ಇತ್ತು. ಆದರೆ ಅವರು ಕೇಳಿದ್ದು ಹಣ ಕಟ್ಟಿದ ಮೇಲೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾಯಿತು. ಮುಂಗಡ ಹಿಂದಕ್ಕೆ ಬರಲಿಲ್ಲ. ನಿಮಗೆ ಹಾಗಾಗಬಾರದೆಂದೇ ಈ ಮಾತು.

ಮೊದಲು ಒಂದು ಸಂಗತಿ ಮನಸ್ಸಿನಲ್ಲಿಡಿ. ನೆರವೆಂದರೆ ಕೈಗೆ ಎಣಿಸಿ ಕೊಡುವ ನೋಟುಗಳೇ ಎಂದು ತಿಳಿಯಬೇಡಿ. ಇದರಲ್ಲಿ ಮೂರು ಬಗೆಯುಂಟು. ಒಂದು, ಶುಲ್ಕವಿಲ್ಲದೆ ಕಲಿಸುವುದು. ಎರಡು, ಓದುವಾಗ ಬರುವ ವಿದ್ಯಾರ್ಥಿವೇತನ. ಮೂರು, ಕಲಿತ ಮೇಲೆ ಅಂಗಡಿ ಇಡಲು ಸಿಗುವ ಸಾಲ. ಮೊದಲಿನ ಎರಡನ್ನು ಹಿಂದಿರುಗಿಸಬೇಕಾಗಿಲ್ಲ. ಮೂರನೆಯದನ್ನು ತೀರಿಸಲೇಬೇಕು.

ಮಗಳಿಗೆ 18 ವರ್ಷ ತುಂಬಿದ್ದರೆ ಮೊದಲು ಜಿಲ್ಲೆಯ ಗ್ರಾಮೀಣ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆಗೆ ಹೋಗಿ ವಿಚಾರಿಸಿ. ಜನ ಇದನ್ನು ಆರ್‌ಸೆಟಿ ಎನ್ನುತ್ತಾರೆ. ಇದರ ಬೇರು ನಮ್ಮ ನಾಡಿನಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಮಂಜುನಾಥೇಶ್ವರ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ಆ ಮಾದರಿಯನ್ನೇ ಅನುಸರಿಸಿ ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಇಂಥ ಸಂಸ್ಥೆಗಳು ತೆರೆದವು. ಬ್ಯೂಟಿ ಪಾರ್ಲರ್ ತರಬೇತಿ ಇಲ್ಲಿ ಸುಮಾರು ಒಂದು ತಿಂಗಳಿನದು. ಕಲಿಕೆ, ಊಟ, ವಸತಿ ಎಲ್ಲವೂ ಉಚಿತ. ಗ್ರಾಮೀಣ ಬಡ ಕುಟುಂಬದವರಿಗೆ ಆದ್ಯತೆ. ತರಬೇತಿ ಮುಗಿದ ಮೇಲೂ ಸಂಸ್ಥೆಯವರು ವಿಚಾರಿಸುತ್ತಿರುತ್ತಾರೆ, ಬ್ಯಾಂಕ್ ಸಾಲಕ್ಕೆ ದಾರಿ ತೋರಿಸುತ್ತಾರೆ. ಮುಂದಿನ ತಂಡ ಎಂದು ಆರಂಭವೆಂದು ಕೇಳಿ ಹೆಸರು ಬರೆಸಿಬನ್ನಿ.

ಮಗಳು ಇನ್ನೂ ಚಿಕ್ಕವಳಾಗಿದ್ದರೆ, ಅಥವಾ ಹೆಚ್ಚು ಕಾಲ ಕಲಿಯುವ ಮನಸ್ಸಿದ್ದರೆ, ಐ.ಟಿ.ಐ. ಇದೆ. ಕಾಸ್ಮೆಟಾಲಜಿ ಎಂಬುದು ಅಲ್ಲಿ ಒಂದು ವರ್ಷದ ಶಿಕ್ಷಣ. ಹತ್ತನೆಯ ತರಗತಿ ಪಾಸಾಗಿರಬೇಕು. ಪರೀಕ್ಷೆ ಗೆದ್ದವರಿಗೆ ದೇಶದಲ್ಲೆಲ್ಲ ಸಲ್ಲುವ ಪ್ರಮಾಣಪತ್ರ ಸಿಗುತ್ತದೆ. ಎಲ್ಲ ಐ.ಟಿ.ಐ.ಗಳಲ್ಲೂ ಈ ವಿಭಾಗವಿಲ್ಲ. ಆದುದರಿಂದ ನಿಮಗೆ ಹತ್ತಿರದಲ್ಲಿ ಎಲ್ಲಿದೆ, ಹಾಸ್ಟೆಲ್ ಇದೆಯೇ ಎಂದು ಮೊದಲೇ ತಿಳಿದುಕೊಳ್ಳಿ.

ಐ.ಟಿ.ಐ. ಸೇರಿದವಳಿಗೆ ವಿದ್ಯಾರ್ಥಿವೇತನದ ದಾರಿಯೂ ತೆರೆಯುತ್ತದೆ. ರೈತರ ಮಕ್ಕಳಿಗೆಂದೇ ರಾಜ್ಯ ಸರ್ಕಾರ 2021ರಲ್ಲಿ ರೈತ ವಿದ್ಯಾನಿಧಿಯನ್ನು ಆರಂಭಿಸಿತು. ಆಗ ಪ್ರಕಟವಾದ ದರದಂತೆ ಐ.ಟಿ.ಐ. ಓದುವ ಹುಡುಗಿಗೆ ವರ್ಷಕ್ಕೆ 3,000 ರೂಪಾಯಿ, ಹುಡುಗನಿಗೆ 2,500 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳು ಬೇರೆ ಇವೆ. ಅರ್ಜಿಯ ಕಾಲ ಮತ್ತು ಈ ವರ್ಷದ ದರವನ್ನು ಐ.ಟಿ.ಐ. ಕಚೇರಿಯಲ್ಲಿ, ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ.

ಅನೇಕರ ಅರ್ಜಿ ನಿಲ್ಲುವುದು ಕಾಗದದ ಕೊರತೆಯಿಂದ. ಜಮೀನಿನ ವಿವರ ನಮೂದಾಗಿರುವ ತಂದೆ ಅಥವಾ ತಾಯಿಯ ಫ್ರೂಟ್ಸ್ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಪಡಿತರ ಚೀಟಿ ಇವನ್ನು ಒಂದು ಚೀಲದಲ್ಲಿ ಸಿದ್ಧವಾಗಿಡಿ. ಮಗಳ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಲಿ, ಅದಕ್ಕೆ ಆಧಾರ್ ಜೋಡಣೆಯಾಗಿರಲಿ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ.

ಇನ್ನು ಸಾಲದ ಮಾತು. ಕಲಿತ ಮೇಲೆ ಕುರ್ಚಿ, ಕನ್ನಡಿ, ಸಲಕರಣೆಗೆ ಹಣ ಬೇಕು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ 'ಶಿಶು' ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲವುಂಟು. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜೊತೆಗೆ ಸಹಾಯಧನವೂ ಸೇರಿರುತ್ತದೆ. ಮನೆಯಾಕೆ ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘದಲ್ಲಿದ್ದರೆ ಅಲ್ಲಿಯೂ ಕೇಳಬಹುದು. ಆದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಮೊದಲು ಮನೆಯ ಒಂದು ಕೋಣೆಯಲ್ಲಿ ಶುರುಮಾಡಲಿ. ಗಿರಾಕಿ ಹೆಚ್ಚಿದ ಮೇಲೆ ಪೇಟೆಯಲ್ಲಿ ಬಾಡಿಗೆ ಹಿಡಿಯಲಿ.

ಖಾಸಗಿ ಶಾಲೆಗಳೆಲ್ಲ ಕೆಟ್ಟವೆಂದು ನಾನು ಹೇಳುವುದಿಲ್ಲ. ಸೇರಿಸುವುದಾದರೆ ನಾಲ್ಕು ಪ್ರಶ್ನೆ ಕೇಳಿ. ಪ್ರಮಾಣಪತ್ರ ಕೊಡುವವರು ಯಾರು? ಒಟ್ಟು ಶುಲ್ಕವೆಷ್ಟು, ಸಾಮಗ್ರಿಯ ಖರ್ಚು ಅದರಲ್ಲಿ ಸೇರಿದೆಯೇ? ನಡುವೆ ಬಿಟ್ಟರೆ ಹಣ ಹಿಂದಕ್ಕೆ ಕೊಡುವಿರಾ? ನಿಮ್ಮಲ್ಲಿ ಕಲಿತವರು ಈಗ ಎಲ್ಲಿ ದುಡಿಯುತ್ತಿದ್ದಾರೆ? ಉತ್ತರವನ್ನು ಬರಹದಲ್ಲಿ ಪಡೆಯಿರಿ, ರಸೀದಿ ಇಲ್ಲದೆ ಹಣ ಕೊಡಬೇಡಿ. "ಸರ್ಕಾರದ ಹಣ ಮಾಡಿಸಿಕೊಡುತ್ತೇನೆ, ಮೊದಲು ಇಷ್ಟು ಕೊಡಿ" ಎನ್ನುವ ಮಧ್ಯವರ್ತಿ ಬಂದರೆ ಬಾಗಿಲಿನಿಂದಲೇ ಕಳುಹಿಸಿಬಿಡಿ.

ಕೊನೆಯದಾಗಿ, ಇದನ್ನು ಬರೀ ಸಿಂಗಾರದ ಕೆಲಸವೆಂದು ಹಗುರ ಮಾಡಬೇಡಿ. ಕೂದಲಿಗೆ ಹಚ್ಚುವ ಕಪ್ಪು ಬಣ್ಣ ಕೆಲವರ ಮೈಗೆ ಒಗ್ಗದೆ ಮುಖ ಊದಿಸುತ್ತದೆ. ಮೊದಲೇ ಕಿವಿಯ ಹಿಂದೆ ಸ್ವಲ್ಪ ಹಚ್ಚಿ, ಎರಡು ದಿನ ಕಾದು ನೋಡಬೇಕೆಂಬುದು ಕಲಿತವಳಿಗೆ ಗೊತ್ತು. ಒಬ್ಬರಿಗೆ ಬಳಸಿದ ಸಲಕರಣೆಯನ್ನು ಶುಚಿಮಾಡದೆ ಇನ್ನೊಬ್ಬರಿಗೆ ಮುಟ್ಟಿಸಬಾರದೆಂಬುದೂ ಗೊತ್ತು. ಇದು ವಿದ್ಯೆ. ಮಳೆ ಕೈಕೊಟ್ಟ ವರ್ಷವೂ ಮದುವೆಗಳು ನಡೆಯುತ್ತವೆ, ಹಬ್ಬಗಳು ಬರುತ್ತವೆ. ಅಂಥ ವರ್ಷ ಮಗಳ ಕೈಯ ಕಸುಬು ಮನೆಗೆ ಆಸರೆಯಾದೀತು.

ಆದುದರಿಂದ ಒಡವೆ ಅಡವಿಡುವ ಮುನ್ನ, ಎತ್ತು ಮಾರುವ ಮುನ್ನ, ಒಂದು ದಿನ ಬಿಡುವು ಮಾಡಿಕೊಂಡು ಮಗಳನ್ನೂ ಕರೆದುಕೊಂಡು ಹೋಗಿ ವಿಚಾರಿಸಿ. ಬಸ್ಸಿನ ಖರ್ಚಷ್ಟೇ ತಗಲುವುದು.