ಸೂಜಿಯ ಭಯ, ನಂಬಿಕೆಯ ಮದ್ದು



ನಾಡಹಬ್ಬದ ದಿನ ಸೂಜಿಯ ಮಾತೇಕೆಂದು ತಾವು ಕೇಳಬಹುದು. ನುಡಿಯ ಅಭಿಮಾನದಿಂದ ಕೂಡಿದ ನಾವು ಒಬ್ಬರ ಮಕ್ಕಳ ಆರೋಗ್ಯವನ್ನು ಮತ್ತೊಬ್ಬರು ವಿಚಾರಿಸದೆ ಹೋದರೆ ಆ ಅಭಿಮಾನ ಬರಿಯ ಬಾಯಿಮಾತಾದೀತು. ಆದುದರಿಂದಲೇ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಸೂಜಿಗೆ ಅಂಜುವವರು ಮಕ್ಕಳು ಮಾತ್ರವಲ್ಲ. ಮೀಸೆ ಹೊತ್ತ ಗಂಡಸರೂ ಅದನ್ನು ಕಂಡು ಬೆವರುತ್ತಾರೆ. ಕೆಲವರಿಗೆ ರಕ್ತದೊತ್ತಡ ತಟ್ಟನೆ ಇಳಿದು ತಲೆ ಸುತ್ತುವುದೂ ಉಂಟು. ಇದು ದೇಹಧರ್ಮ, ನಾಚಬೇಕಾದುದಿಲ್ಲ. ಮೊದಲೇ ದಾದಿಗೆ ತಿಳಿಸಿ, ಮಲಗಿಕೊಂಡು ಚುಚ್ಚಿಸಿಕೊಂಡರಾಯಿತು. ಆದರೆ ಲಸಿಕೆಯ ಮೇಲಿನ ಅಪನಂಬಿಕೆ ಬೇರೆಯೇ ಬಗೆಯದು. ಅದರ ಕತೆಯನ್ನು ನಾವು ನೆಲಸಿರುವ ಈ ಮುಂಬಯಿಯೇ ಹೇಳುತ್ತದೆ.

1896ರಲ್ಲಿ ಇಲ್ಲಿ ಪ್ಲೇಗು ತಲೆಯೆತ್ತಿತು. ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಜ್ವರ ಬಂತು, ನೋವಾಯಿತು, ಸಹಿಸಿದರು. ಅದೇ ವರ್ಷ ಪುಣೆಯಲ್ಲಿ ಪ್ಲೇಗಿನ ಅಧಿಕಾರಿ ರ್‍ಯಾಂಡ್ ರೋಗಿಗಳನ್ನು ಹುಡುಕಲು ಸೋಲ್ಜರುಗಳನ್ನು ಮನೆಮನೆಗೆ ನುಗ್ಗಿಸಿದ. ಜನ ರೊಚ್ಚಿಗೆದ್ದರು, ಆತ ಚಾಪೇಕರ ಸಹೋದರರ ಗುಂಡಿಗೆ ಬಲಿಯಾದ. 1898ರಲ್ಲಿ ಪ್ಲೇಗು ಬೆಂಗಳೂರನ್ನೂ ಮುಟ್ಟಿತು. ಅಲ್ಲಿ ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿ ಕೈಮುಗಿದರು.

1902ರಲ್ಲಿ ಪಂಜಾಬಿನ ಮುಲ್ಕೊವಾಲ್ ಹಳ್ಳಿಯಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ತೀರಿಕೊಂಡರು. ಅಪವಾದ ಹಾಫ್ಕಿನ್ನರ ತಲೆಗೆ ಬಂತು. ಹಳ್ಳಿಯಲ್ಲಿ ಸೀಸೆ ತೆರೆಯುವಾಗ ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧಮಾಡದೆ ಬಳಸಿದ್ದರೆಂಬುದು ವಿಚಾರಣೆಯಲ್ಲಿ ಹೊರಬಿದ್ದಿತ್ತು. 1907ರಲ್ಲಿ ಅವರು ದೋಷಮುಕ್ತರಾದರು. 1925ರಲ್ಲಿ ಪರೇಲಿನ ಪ್ರಯೋಗಶಾಲೆಗೆ ಅವರ ಹೆಸರನ್ನೇ ಇಟ್ಟರು.

ಇಂಥ ಸುದ್ದಿ ಕೇಳಿದ ತಾಯಿ ಹೆದರಿದರೆ ಅದನ್ನು ಮೌಢ್ಯವೆಂದು ಹಳಿಯುವುದು ಸಲ್ಲದು. ಅವಳಿಗೆ ಬೇಕಾದುದು ಉತ್ತರ. ಬಲಾತ್ಕಾರದಿಂದ ನಂಬಿಕೆ ಹುಟ್ಟದು. ಬಾಗಿಲಿಗೆ ಬಂದು ತಾಳ್ಮೆಯಿಂದ ತಿಳಿಹೇಳಿದವರಿಂದ ಹುಟ್ಟುತ್ತದೆ. ಹಿರಿಯರು ದೇವಿಯೆಂದು ಕರೆದ ಸಿಡುಬು 1975ರಲ್ಲಿ ನಮ್ಮ ದೇಶವನ್ನು ಬಿಟ್ಟು ಹೋದುದು ಲಸಿಕೆಯಿಂದ, ಮನೆಮನೆ ತಿರುಗಿದ ಕಾರ್ಯಕರ್ತರ ಶ್ರಮದಿಂದ.

ಈಗ ನಮ್ಮ ಮನೆಗಳ ಕಡೆ ನೋಡೋಣ. ಊರಿನಿಂದ ಹೊಸದಾಗಿ ಬಂದ ಸೊಸೆ ಕೂಸನ್ನೆತ್ತಿಕೊಂಡು ದವಾಖಾನೆಗೆ ಹೋಗುತ್ತಾಳೆ. ಅಲ್ಲಿ ಮರಾಠಿ, ಹಿಂದಿ. ಇದು ಯಾವ ಸೂಜಿ, ರಾತ್ರಿ ಜ್ವರ ಬಂದರೇನು ಮಾಡಬೇಕು ಎಂದು ಕೇಳಲು ಅವಳಿಗೆ ಮಾತು ಬಾರದು. ರಾತ್ರಿಯೆಲ್ಲ ಕೂಸು ಅತ್ತರೆ, ಮುಂದಿನ ಸರದಿಗೆ ಅವಳು ಹೋಗುವುದೇ ಇಲ್ಲ. ಅವಳೊಡನೆ ನೆರೆಯ ಕನ್ನಡದ ಅಕ್ಕನೊಬ್ಬಳು ಹೋದರೆ ಎಷ್ಟೋ ಭಯ ಕರಗೀತು.

ಮಕ್ಕಳಿಗೆ “ನೋವೇ ಆಗದು” ಎಂದು ಸುಳ್ಳಾಡದಿರೋಣ. “ಇರುವೆ ಕಚ್ಚಿದಂತಾಗುತ್ತದೆ, ನಾನಿದ್ದೇನೆ” ಎಂದು ತೊಡೆಯ ಮೇಲೆ ಕೂರಿಸಿಕೊಳ್ಳೋಣ. “ಗಲಾಟೆ ಮಾಡಿದರೆ ಡಾಕ್ಟರರಿಂದ ಸೂಜಿ ಹಾಕಿಸುತ್ತೇನೆ” ಎಂಬ ಬೆದರಿಕೆಯನ್ನಂತೂ ಇಂದೇ ಬಿಡೋಣ.

ನಮ್ಮ ಸಂಘದ ಸೋದರಿಯರು ಈ ಜೊತೆಗೊಡುವ ಕೆಲಸವನ್ನು ಕೈಗೊಳ್ಳಬೇಕೆಂದು ವಿನಂತಿಸಿ, ನಮ್ಮ ಎರಡು ಮಾತುಗಳನ್ನು ಮುಗಿಸುತ್ತೇವೆ.